ಮನೆಯೊಳಗೆ ಬೀಳುವ ಹಿರಿಯರು: ಗ್ರಾಮ ಪಂಚಾಯತಿಯ ಕೈಯಲ್ಲಿರುವ ಕೆಲಸ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ಮೂಳೆರೋಗ ತಜ್ಞರೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಬೆಳಗಿನಿಂದ ತಾವು ಕುಡಿಯುವ ನೀರು, ಉದ್ಯೋಗ ಖಾತರಿ, ತೆರಿಗೆ ವಸೂಲಿ ಮುಂತಾದ ವಿಷಯಗಳನ್ನು ಆಲಿಸಿದ್ದೀರಿ. ಊಟದ ನಂತರದ ಈ ಹೊತ್ತಿಗೆ ನನಗೆ ವಹಿಸಿರುವ ವಿಷಯ, ವೃದ್ಧರು ಮನೆಯಲ್ಲಿ ಬೀಳುವುದನ್ನು ತಡೆಯುವ ಬಗೆ. ಕಾರ್ಯಕ್ರಮ ಪಟ್ಟಿಯಲ್ಲಿ ಇದನ್ನು ಓದಿದಾಗ ಕೆಲವರಿಗಾದರೂ ‘ಇದು ಮನೆಯವರು ನೋಡಿಕೊಳ್ಳಬೇಕಾದದ್ದು, ಇದರಲ್ಲಿ ಪಂಚಾಯತಿಯ ಪಾತ್ರವೇನು’ ಎಂಬ ಪ್ರಶ್ನೆ ಬಂದಿರಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಶೌಚಾಲಯವನ್ನು ಅಂಗಳದ ಯಾವ ಮೂಲೆಯಲ್ಲಿ ಕಟ್ಟಿಸಿದೆವು, ಅದಕ್ಕೆ ಎಷ್ಟು ಎತ್ತರದ ಮೆಟ್ಟಿಲು ಇಟ್ಟೆವು, ಮನೆಯ ಮುಂದಿನ ಚರಂಡಿಗೆ ಚಪ್ಪಡಿ ಹಾಕಿದೆವೋ ಇಲ್ಲವೋ, ನಲ್ಲಿಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿದೆವೋ ಇಲ್ಲವೋ, ಇವೆಲ್ಲ ನಿರ್ಧಾರವಾಗುವುದು ತಮ್ಮ ಸಭಾ ನಡವಳಿಯ ಪುಸ್ತಕದಲ್ಲಿ. ಹಿರಿಯರು ಬೀಳುವ ಜಾಗಗಳಲ್ಲಿ ಸಾಕಷ್ಟು ಪಾಲು ಇವೇ ಆಗಿವೆ.

ಮೊದಲು ಎರಡು ಮೂರು ಅಂಕಿಗಳನ್ನು ಹೇಳಿ ಮುಂದೆ ಹೋಗುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬೀಳುವಿಕೆಯಿಂದಲೇ ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಸಾಯುವವರಲ್ಲಿ ಅತಿ ಹೆಚ್ಚು ಮಂದಿ 60 ವರ್ಷ ದಾಟಿದವರು. 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ ಎಂದೂ ಆ ಸಂಸ್ಥೆ ಹೇಳಿದೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆಯ ಶೇ. 9.5ರಷ್ಟು ಮಂದಿ 60 ದಾಟಿದವರಿದ್ದರು. ಇಡೀ ದೇಶದಲ್ಲಿ ಅದು ಶೇ. 8.6. ಈಗ ಆ ಪ್ರಮಾಣ ಇನ್ನೂ ಏರಿದೆ. 6,000 ಜನಸಂಖ್ಯೆಯ ಒಂದು ಪಂಚಾಯತಿಯನ್ನು ತೆಗೆದುಕೊಂಡರೆ, ಹಳೆಯ ಲೆಕ್ಕದಲ್ಲೇ 570 ಮಂದಿ ಹಿರಿಯರಾದರು. ನಾಲ್ವರಲ್ಲಿ ಒಬ್ಬರು ಬೀಳುತ್ತಾರೆಂದು ಹಿಡಿದರೂ ವರ್ಷಕ್ಕೆ 140 ಬೀಳುವಿಕೆ. ಇವುಗಳಲ್ಲಿ ಹೆಚ್ಚಿನವು ತರಚು ಗಾಯದಲ್ಲಿ ಮುಗಿಯುತ್ತವೆ. ಕೆಲವು ಮುಗಿಯುವುದಿಲ್ಲ.

ಮುಗಿಯದವುಗಳಲ್ಲಿ ಮುಖ್ಯವಾದದ್ದು ತೊಡೆಯ ಮೂಳೆಯ ಮೇಲ್ತುದಿ ಮುರಿಯುವುದು. ಜನ ಇದನ್ನು ‘ಸೊಂಟ ಮುರಿಯಿತು’ ಎನ್ನುತ್ತಾರೆ. ಸಾಧ್ಯವಾದರೆ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು; ಆದಷ್ಟು ಬೇಗ ರೋಗಿಯನ್ನು ಎಬ್ಬಿಸಿ ನಡೆಸಬೇಕು. ಅದಾಗದೆ ಹಾಸಿಗೆಯಲ್ಲೇ ಉಳಿದರೆ ಬೆನ್ನಿನಲ್ಲಿ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯ, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಒಂದರ ಹಿಂದೆ ಒಂದು ಬರುತ್ತವೆ. ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿಯೂ ಹೀಗೆ ಮೂಳೆ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರು ಮೊದಲಿನಂತೆ ನಡೆಯುವುದಿಲ್ಲ. ಮನೆಯ ಲೆಕ್ಕವನ್ನೂ ತಾವು ಬಲ್ಲಿರಿ. ದುಡಿಯುವ ಮಗ ಆಸ್ಪತ್ರೆಯಲ್ಲಿ ಕೂರುತ್ತಾನೆ, ಸೊಸೆ ಕೂಲಿ ಬಿಡುತ್ತಾಳೆ, ಕೊಟ್ಟಿಗೆಯಲ್ಲಿ ಕರೆಯುವ ಹಸುವೊಂದಿದ್ದರೆ ಅದು ಮಾರಾಟವಾಗುತ್ತದೆ.

ಹೀಗೆ ಬಂದವರ ಮನೆಯವರನ್ನು ‘ಹೇಗೆ ಬಿದ್ದರು’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ವಯಸ್ಸಾಯಿತಲ್ಲ ಡಾಕ್ಟ್ರೇ’. ಆದ್ದರಿಂದ ನಾನು ಕೇಳುವ ಪ್ರಶ್ನೆಯನ್ನು ಬದಲಿಸಿದ್ದೇನೆ. ಎಲ್ಲಿ ಬಿದ್ದರು, ಎಷ್ಟು ಹೊತ್ತಿಗೆ, ಎಲ್ಲಿಗೆ ಹೊರಟಿದ್ದರು ಎಂದು ಕೇಳುತ್ತೇನೆ. ಆಗ ಬರುವ ಉತ್ತರಗಳು ಕೆಲವೇ ಕೆಲವು. ಬಚ್ಚಲುಮನೆಯಲ್ಲಿ; ರಾತ್ರಿ ಶೌಚಾಲಯಕ್ಕೆ ಹೊರಟಾಗ; ಒಳಕೋಣೆಯ ಹೊಸ್ತಿಲು ಎಡವಿ; ಮಳೆಗಾಲದ ಅಂಗಳದಲ್ಲಿ ಜಾರಿ; ಮನೆಯ ಮುಂದಿನ ಚರಂಡಿ ದಾಟುವಾಗ. ವಯಸ್ಸನ್ನು ನಾವು ಯಾರೂ ಕಡಿಮೆ ಮಾಡಲಾರೆವು. ಈ ಐದು ಜಾಗಗಳನ್ನು ಮಾಡಬಹುದು.

ಬಚ್ಚಲುಮನೆಯಿಂದ ಆರಂಭಿಸೋಣ. ನಮ್ಮ ಕಡೆಯ ಬಚ್ಚಲು ಎಂದರೆ ಮೂಲೆಯಲ್ಲಿ ಹಂಡೆ, ಒಲೆ, ಮಸಿ ಹಿಡಿದ ಗೋಡೆ, ಒಂದು ಸಣ್ಣ ಕಿಂಡಿಯ ಬೆಳಕು, ನಯವಾದ ಸಿಮೆಂಟಿನ ಅಥವಾ ಕಲ್ಲಿನ ನೆಲ. ಹೊಸ ಮನೆಯಾದರೆ ಹೊಳೆಯುವ ಟೈಲ್ಸು. ಆ ನೆಲದ ಮೇಲೆ ಸೋಪಿನ ನೀರು. ಬಿಸಿನೀರು ಮೈಮೇಲೆ ಬಿದ್ದಾಗ ವೃದ್ಧರಲ್ಲಿ ರಕ್ತದೊತ್ತಡ ಕೊಂಚ ಇಳಿಯುತ್ತದೆ. ಬಗ್ಗಿ ಚೊಂಬು ಎತ್ತಿ ಏಳುವಾಗ ಕಣ್ಣು ಕತ್ತಲೆ ಬರುತ್ತದೆ. ಹಿಡಿಯಲು ಸಿಗುವುದು ನಲ್ಲಿಯ ತಿರುಪು ಅಥವಾ ಟವೆಲ್ ಹಾಕುವ ಪ್ಲಾಸ್ಟಿಕ್ ಸರಳು. ಮೈಭಾರ ಬಿದ್ದೊಡನೆ ಎರಡೂ ಗೋಡೆಯಿಂದ ಕಿತ್ತು ಬರುತ್ತವೆ. ಹೆಂಗಸರಿಗೆ ಇದರ ಜೊತೆಗೆ ಒದ್ದೆ ಸೀರೆಯ ಅಂಚು ಕಾಲಿಗೆ ಸಿಕ್ಕಿಕೊಳ್ಳುವ ತೊಡಕೂ ಇದೆ. ದೀಪಾವಳಿಯ ಅಭ್ಯಂಜನದ ದಿನವಂತೂ ಅಂಗಾಲಿಗೂ ಎಣ್ಣೆ ಹಚ್ಚಿ, ನಸುಕಿನ ಕತ್ತಲೆಯಲ್ಲಿ, ಅದೇ ನೆಲದ ಮೇಲೆ ನಿಲ್ಲಿಸುತ್ತೇವೆ. ಎಣ್ಣೆ ಸ್ನಾನ ಬೇಡವೆಂದು ನಾನು ಹೇಳುತ್ತಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಅಂಗಾಲಿಗೆ ಎಣ್ಣೆ ಹಚ್ಚುವುದನ್ನು ಬಿಟ್ಟು, ಅಗಲ ಕಾಲಿನ ಗಟ್ಟಿ ಮರದ ಸ್ಟೂಲಿನ ಮೇಲೆ ಕೂರಿಸಿ ನೀರು ಹೊಯ್ದರೆ ಸಾಕು.

ಬಚ್ಚಲಿಗೆ ಬೇಕಾದದ್ದು ಒಂದು ಹಿಡಿಕೆ ಮತ್ತು ಒರಟು ನೆಲ. ಹಿಡಿಕೆಗೆ ಒಂದೂಕಾಲು ಅಂಗುಲದ ಜಿಐ ಪೈಪಿನ ತುಂಡು ಸಾಕು. ಮುಷ್ಟಿ ಪೂರ್ತಿ ಸುತ್ತಿಕೊಳ್ಳುವ ದಪ್ಪ ಅದು. ಸಿಮೆಂಟಿನ ಗೋಡೆಗಾದರೆ ತಿರುಪು ಹೊಡೆಯಬಹುದು. ನಮ್ಮ ಅನೇಕ ಮನೆಗಳ ಮಣ್ಣಿನ ಗೋಡೆಯಲ್ಲಿ, ಸವೆದ ಜಂಬಿಟ್ಟಿಗೆಯಲ್ಲಿ ತಿರುಪು ನಿಲ್ಲುವುದಿಲ್ಲ. ಅಲ್ಲಿ ಪೈಪನ್ನು ನೆಲದಲ್ಲಿ ಒಂದೂವರೆ ಅಡಿ ಹೂತು, ಕಾಂಕ್ರೀಟು ಹಾಕಿ, ಕಂಬದಂತೆ ನಿಲ್ಲಿಸಬೇಕು. ಹಾಕಿದ ಮೇಲೆ ಮೇಸ್ತ್ರಿ ತಾನೇ ಅದಕ್ಕೆ ಜೋತುಬಿದ್ದು ಪರೀಕ್ಷಿಸಬೇಕು. ನೆಲಕ್ಕೆ ಟೈಲ್ಸು ಹಾಕಿಸುವವರು ಅಂಗಡಿಯಲ್ಲಿ ಕೈಯಿಂದ ಸವರಿ ನೋಡಿ ಕೊಳ್ಳುತ್ತಾರೆ. ಅದರ ಮೇಲೆ ಒಂದು ಲೋಟ ನೀರು ಚೆಲ್ಲಿ ಬರಿಗಾಲಿನಿಂದ ಉಜ್ಜಿ ನೋಡುವುದು ಮೇಲು. ಹಳೆಯ ಸಿಮೆಂಟು ನೆಲಕ್ಕೆ ಮೇಸ್ತ್ರಿಯಿಂದ ಉಳಿ ಹೊಡೆಸಿ ಒರಟು ಮಾಡಿಸಬಹುದು. ಒಂದು ದಿನದ ಕೂಲಿಯ ಕೆಲಸವಿದು.

ಇನ್ನು ರಾತ್ರಿಯ ಶೌಚಾಲಯ. ಈ ವಿಷಯದಲ್ಲಿ ತಮ್ಮಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಡುತ್ತೇನೆ. ಸ್ವಚ್ಛ ಭಾರತ ಮಿಷನ್ 2014ರಲ್ಲಿ ಆರಂಭವಾದ ಬಳಿಕ ಮನೆಮನೆಗೂ ಶೌಚಾಲಯ ಬಂದಿತು. ಬಯಲಿಗೆ ಹೋಗುವ ಹಿಂಸೆ ತಪ್ಪಿದ್ದು, ಅದರಲ್ಲಿಯೂ ಹೆಂಗಸರಿಗೆ, ಸಣ್ಣ ಮಾತಲ್ಲ. ಆದರೆ ಬಹುಪಾಲು ಮನೆಗಳಲ್ಲಿ ಮೈಲಿಗೆಯ ಭಾವನೆಯಿಂದಲೋ, ಗುಂಡಿ ತೋಡಲು ಜಾಗ ಸಿಕ್ಕಿದ ಕಡೆಯೆಂದೋ ಅದನ್ನು ಅಂಗಳದ ತುದಿಗೆ ಕಟ್ಟಿದ್ದೇವೆ. ಗುಂಡಿಗೆ ಇಳಿಜಾರು ಸಿಗಬೇಕೆಂದು ನೆಲವನ್ನು ಎತ್ತರಿಸಿದ್ದೇವೆ. ಎರಡು ಮೆಟ್ಟಿಲು, ಒಂದೊಂದೂ ಒಂಬತ್ತು ಹತ್ತು ಅಂಗುಲ, ಪಕ್ಕಕ್ಕೆ ಹಿಡಿಯಲು ಏನೂ ಇಲ್ಲ. ಬಾಗಿಲು ಹೊರಕ್ಕೆ ತೆರೆಯುತ್ತದೆ. ತೆರೆಯಬೇಕಾದರೆ ಮೇಲಿನ ಮೆಟ್ಟಿಲಿನಲ್ಲಿ ನಿಂತವರು ಒಂದು ಹೆಜ್ಜೆ ಹಿಂದಕ್ಕೆ ಇಡಬೇಕು. ಕತ್ತಲೆಯಲ್ಲಿ ಎಪ್ಪತ್ತೈದರ ಅಜ್ಜಿ ಹಿಂದಕ್ಕೆ ಹೆಜ್ಜೆ ಇಡುವುದೆಂದರೆ ಏನೆಂಬುದನ್ನು ತಾವೇ ಊಹಿಸಿ. ಒಳಗೆ ಕುಕ್ಕರುಗಾಲಿನಲ್ಲಿ ಕೂತು ಏಳುವಾಗ ಮಂಡಿ ಸೋಲುತ್ತದೆ, ತಲೆ ತಿರುಗುತ್ತದೆ. ಹಿಡಿಯಲು ಬಕೆಟ್ಟಿನ ಅಂಚು ಬಿಟ್ಟರೆ ಬೇರೇನೂ ಇಲ್ಲ.

ವೃದ್ಧರು ರಾತ್ರಿ ಎರಡು ಮೂರು ಬಾರಿ ಏಳುವುದು ಚಪಲದಿಂದಲ್ಲ. ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ಊತ, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಕೊಡುವ ಮೂತ್ರ ಇಳಿಸುವ ಮಾತ್ರೆ, ಇವೆಲ್ಲ ಕಾರಣ. ಮಗ ಸೊಸೆಯನ್ನು ಎಬ್ಬಿಸಲು ಸಂಕೋಚ. ದೀಪ ಹಾಕಿದರೆ ಮಕ್ಕಳ ನಿದ್ದೆ ಕೆಡುತ್ತದೆಂಬ ಮಮತೆ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ಹೋಬಳಿಗಳಲ್ಲಿ ದಿನಗಟ್ಟಲೆ ಕರೆಂಟು ಇರುವುದೂ ಇಲ್ಲ. ಹೀಗಾಗಿ ಅವರು ಕತ್ತಲೆಯಲ್ಲೇ ಗೋಡೆ ಸವರಿಕೊಂಡು ಹೊರಡುತ್ತಾರೆ.

ಇಲ್ಲಿ ಮಾಡಬೇಕಾದದ್ದು ಹಲವಿದೆ, ಯಾವುದೂ ದೊಡ್ಡದಲ್ಲ. ಟಾರ್ಚನ್ನು ಗೂಟಕ್ಕಲ್ಲ, ಮಂಚದ ಕಾಲಿಗೇ ದಾರ ಕಟ್ಟಿ ತೂಗುಹಾಕಬೇಕು. ಎಚ್ಚರವಾದೊಡನೆ ಏಳದೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಕಾಲನ್ನು ಹತ್ತು ಬಾರಿ ಆಡಿಸಿ, ಆಮೇಲೆ ನಿಲ್ಲಬೇಕು. ಮೆಟ್ಟಿಲಿನ ಎತ್ತರ ಆರು ಅಂಗುಲ ಮೀರಬಾರದು, ಎಲ್ಲವೂ ಒಂದೇ ಸಮನಾಗಿರಬೇಕು. ಎರಡು ಸಮ ಮೆಟ್ಟಿಲಿನ ನಂತರ ಮೂರನೆಯದು ಗಿಡ್ಡವಿದ್ದರೆ ಕಾಲು ಅಲ್ಲಿಯೇ ಮೋಸಹೋಗುತ್ತದೆ. ಮಂಡಿ ಮಡಚಲಾಗದವರಿಗೆ ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಗುಂಡಿಯ ಮೇಲೆ ಇರಿಸಿದರೆ ಸಾಕು, ಶೌಚಾಲಯವನ್ನು ಒಡೆದು ಕಟ್ಟಬೇಕಾಗಿಲ್ಲ. ಕುರ್ಚಿಯ ಕಾಲಿಗೆ ರಬ್ಬರು ಇರಲೇಬೇಕು. ತೀರಾ ನಡುಗುವವರಿಗೆ ರಾತ್ರಿ ಹಾಸಿಗೆಯ ಬಳಿಯೇ ಒಂದು ಪಾತ್ರೆ ಇರಿಸುವುದರಲ್ಲಿ ಅವಮಾನವೇನೂ ಇಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ. ಮುಂದೆ ಮಂಜೂರಾಗುವ ಪ್ರತಿಯೊಂದು ಶೌಚಾಲಯಕ್ಕೂ, ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳಲ್ಲಿ ಕಟ್ಟುವ ಪ್ರತಿಯೊಂದು ಮನೆಗೂ, ಅಡಿಪಾಯದ ಹಂತದಲ್ಲಿಯೇ ಸದಸ್ಯರೊಬ್ಬರು ಹೋಗಿ ಮೆಟ್ಟಿಲು, ಹಿಡಿಕೆ, ಬಾಗಿಲು ಈ ಮೂರನ್ನು ನೋಡಿ ಬಂದರೆ, ಬೇರೆ ಖರ್ಚಿಲ್ಲದೆ ಕೆಲಸವಾಗುತ್ತದೆ. ಛಾವಣಿ ಬಿದ್ದ ಮೇಲೆ ಹೇಳಿದರೆ ಮನೆಯವರಿಗೂ ಬೇಸರ, ತಮಗೂ ನಿಷ್ಠುರ.

ಹೊಸ್ತಿಲಿನ ಬಗ್ಗೆ ಒಂದು ಮಾತು. ನಗರದ ತಜ್ಞರು ಬರೆದ ಕೈಪಿಡಿಗಳಲ್ಲಿ ‘ಹೊಸ್ತಿಲು ತೆಗೆದುಹಾಕಿ’ ಎಂದಿರುತ್ತದೆ. ಅರಿಸಿನ ಕುಂಕುಮ ಇಟ್ಟು ಪೂಜಿಸುವ ಹೊಸ್ತಿಲನ್ನು ಕಿತ್ತುಹಾಕಿ ಎಂದು ಹೇಳಲು ಯಾರ ಮನೆಗೂ ಹೋಗಬೇಡಿ. ಹೋಗುವ ಅಗತ್ಯವೂ ಇಲ್ಲ. ನಾನು ಗಮನಿಸಿದಂತೆ ಜನ ಎಡವುವುದು ಹೆಬ್ಬಾಗಿಲಿನ ಹೊಸ್ತಿಲಿಗಲ್ಲ. ಅದು ಹಳದಿಯಾಗಿ ಎದ್ದು ಕಾಣುತ್ತದೆ, ಕಾಲಿಗೂ ಮನಸ್ಸಿಗೂ ಅದರ ಅರಿವಿರುತ್ತದೆ. ಎಡವುವುದು ಅಡುಗೆಮನೆ, ಒಳಕೋಣೆ, ಬಚ್ಚಲಿನ ಬಾಗಿಲಿನಲ್ಲಿರುವ, ನೆಲದ ಬಣ್ಣದ್ದೇ ಆದ, ಒಂದೂವರೆ ಎರಡು ಅಂಗುಲದ ಏರಿಗೆ. ಪೊರೆ ಬಂದ ಕಣ್ಣಿಗೆ ಕಾವಿ ನೆಲದ ಮೇಲೆ ಕಾವಿ ಬಣ್ಣದ ಏರು ಕಾಣುವುದಿಲ್ಲ. ಅವುಗಳಿಗೂ ಒಂದು ಹಳದಿ ಪಟ್ಟೆ ಬಳಿದರೆ ಸಾಕು. ಅಂಗಳದ ಮೆಟ್ಟಿಲಿನ ಅಂಚಿಗೂ ಅದೇ ಬಣ್ಣ. ಒಂದು ಡಬ್ಬಿ ಪೇಂಟಿನಲ್ಲಿ ಒಂದು ಕೇರಿಯೇ ಮುಗಿಯುತ್ತದೆ.

ಅಂಗಳದಲ್ಲಿ ಪಾಚಿ ನಮ್ಮ ಜಿಲ್ಲೆಯ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ, ಬಾವಿಕಟ್ಟೆ, ಕೊಟ್ಟಿಗೆಯ ದಾರಿ ಎಲ್ಲವೂ ಹಸಿರು. ಕೆಲವರು ಅಡಿಕೆ ದಬ್ಬೆ ಹಾಸುತ್ತಾರೆ. ಹೊಸತರಲ್ಲಿ ಒಳ್ಳೆಯದು, ಎರಡು ವಾರ ಮಳೆ ಕುಡಿದ ಮೇಲೆ ನೆಲಕ್ಕಿಂತ ಅದೇ ಹೆಚ್ಚು ಜಾರುತ್ತದೆ. ಅಂಗಳವನ್ನೆಲ್ಲ ಉಜ್ಜುವ ಹಟ ಬೇಡ. ಜಗಲಿಯಿಂದ ಶೌಚಾಲಯಕ್ಕೆ, ಜಗಲಿಯಿಂದ ಕೊಟ್ಟಿಗೆಗೆ ಮೂರಡಿ ಅಗಲದ ಒಂದು ದಾರಿಯನ್ನು ಆಯ್ದುಕೊಂಡು, ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಕಡ್ಡಿಪೊರಕೆಯಿಂದ ತಿಕ್ಕಿ, ಆ ದಾರಿಯ ಪಕ್ಕಕ್ಕೆ ಸೊಂಟದೆತ್ತರಕ್ಕೆ ಒಂದು ಬಿದಿರಿನ ಗಳುವನ್ನು ಅಡ್ಡಲಾಗಿ ಕಟ್ಟಿದರೆ ಹಿಡಿದುಕೊಂಡು ಹೋಗಲು ಆಯಿತು.

ಇನ್ನು ನಮ್ಮದೇ ಕಾಮಗಾರಿಗಳು. ಸಿಸಿ ರಸ್ತೆಯ ಮೇಲೆ ಇನ್ನೊಂದು ಸಿಸಿ ರಸ್ತೆ ಹಾಕುತ್ತ ಬಂದು ಎಷ್ಟೋ ಕೇರಿಗಳಲ್ಲಿ ರಸ್ತೆ ಮನೆಗಿಂತ ಮೇಲೆ ಹೋಗಿದೆ. ಮನೆಯಿಂದ ಹೊರಗೆ ಕಾಲಿಟ್ಟರೆ ಮೊದಲು ತೆರೆದ ಚರಂಡಿ, ಅದರಾಚೆ ಒಂದು ಮೊಳದ ಏರು. ಹರೆಯದವರು ಹಾರಿ ದಾಟುತ್ತಾರೆ. ಅಜ್ಜ ಅಜ್ಜಿಯರಿಗೆ ಅಲ್ಲಾಡುವ ಒಂದು ಕಲ್ಲುಚಪ್ಪಡಿಯೇ ಸೇತುವೆ. ಜಲ ಜೀವನ್ ಮಿಷನ್ನಿನ ನಲ್ಲಿಯ ಪೈಪು ಕೆಲವು ಕಡೆ ಬಾಗಿಲಿನ ಮುಂದೆಯೇ ಗೇಣೆತ್ತರಕ್ಕೆ ಅಡ್ಡ ಹಾದಿದೆ. ನಲ್ಲಿ ಸೋರಿ ಬುಡದಲ್ಲಿ ಪಾಚಿ. ಬೀದಿದೀಪ ಒದಗಿಸುವುದು ಪಂಚಾಯತಿಯ ಕರ್ತವ್ಯವೆಂಬುದು ತಮಗೆ ತಿಳಿದೇ ಇದೆ. ಅದರ ಬೆಳಕು ಯಾರ ಅಂಗಳದ ಮೇಲೆ ಬೀಳಬೇಕೆಂಬುದನ್ನು ಕಂಬ ನೆಡುವ ಮುನ್ನ ಯೋಚಿಸಬಹುದು. ಶೌಚಾಲಯಕ್ಕೆ ಹೊರಗೆ ನಡೆದುಹೋಗುವ ಒಂಟಿ ವೃದ್ಧೆಯ ಮನೆ ಮತ್ತು ಬೆಳಕಿರುವ ದೊಡ್ಡ ಮನೆ, ಎರಡರಲ್ಲಿ ದೀಪ ಯಾವುದರ ಎದುರು ಬರಬೇಕೆಂದು ಹೇಳಲು ಅಭಿಯಂತರರು ಬೇಕಾಗಿಲ್ಲ.

ಇಲ್ಲಿಯವರೆಗೆ ನೆಲ, ಗೋಡೆಯ ಮಾತಾಯಿತು. ಬೀಳುವ ದೇಹದ ಮಾತು ಉಳಿದಿದೆ. ಕಣ್ಣಿನ ಪೊರೆ ಇದ್ದರೆ ಶಸ್ತ್ರಚಿಕಿತ್ಸೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಆಗುತ್ತದೆ, ಶಿಬಿರಕ್ಕೆ ಕಳಿಸಿಕೊಡಿ. ಮಾತ್ರೆಗಳ ವಿಷಯ ಕಡಿಮೆ ಜನರಿಗೆ ಗೊತ್ತು. ನಿದ್ರೆಯ ಮಾತ್ರೆ, ಕೆಲವು ರಕ್ತದೊತ್ತಡದ ಮಾತ್ರೆ, ಪ್ರಾಸ್ಟೇಟಿನ ಮಾತ್ರೆ ಇವು ನಿಂತೊಡನೆ ತಲೆ ತಿರುಗಿಸಬಲ್ಲವು. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯವರು ಕೂತಾಗ ಅಥವಾ ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ರಕ್ತದೊತ್ತಡ ನೋಡಿದರೆ ಸಾಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಬೇಕು. ಮನೆಯವರು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಅದು ಬೇರೆಯೇ ಅನಾಹುತ.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಕಾಲಿನ ಬಲ ಕುಗ್ಗುವುದು. ಇದರಲ್ಲಿ ಮಕ್ಕಳ ಪ್ರೀತಿಯೇ ಹಗೆಯಾಗುತ್ತದೆ. ಒಮ್ಮೆ ಜಾರಿದರೆ ‘ಅಮ್ಮ, ನೀನು ಇನ್ನು ಏನೂ ಮಾಡುವುದು ಬೇಡ, ಸುಮ್ಮನೆ ಕೂತಿರು’ ಎನ್ನುತ್ತಾರೆ. ತೋಟಕ್ಕೆ ಹೋಗುತ್ತಿದ್ದವರು, ಸೊಪ್ಪು ತರುತ್ತಿದ್ದವರು ಕುರ್ಚಿ ಹಿಡಿಯುತ್ತಾರೆ. ಮೂರು ತಿಂಗಳಲ್ಲಿ ತೊಡೆಯ ಮಾಂಸಖಂಡ ಸೊರಗುತ್ತದೆ. ಮುಂದಿನ ಬಾರಿ ಬೀಳುವುದು ಇನ್ನೂ ಸುಲಭ. ಸಮತೋಲನ ಮತ್ತು ಕಾಲಿನ ಬಲಕ್ಕಾಗಿ ವ್ಯಾಯಾಮ ಮಾಡುವ ವೃದ್ಧರಲ್ಲಿ ಬೀಳುವಿಕೆ ಸುಮಾರು ಶೇ. 23ರಷ್ಟು ಇಳಿಯುತ್ತದೆಂದು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆ 2019ರಲ್ಲಿ ಹೇಳಿದೆ. ವ್ಯಾಯಾಮವೆಂದರೆ ಗಾಬರಿಯಾಗಬೇಡಿ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ, ಸಾಧ್ಯವಾದಷ್ಟು ಕೈ ಊರದೆ, ಹತ್ತು ಬಾರಿ ಏಳುವುದು ಕೂರುವುದು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಜಗಲಿಯ ಗೋಡೆಯ ಪಕ್ಕದಲ್ಲಿ, ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, ಹತ್ತು ಹೆಜ್ಜೆ ನಡೆಯುವುದು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ವಾರಕ್ಕೆ ಮೂರು ದಿನವಾದರೂ ಆಗಬೇಕು, ತಿಂಗಳುಗಟ್ಟಲೆ ನಡೆಯಬೇಕು. ಇದನ್ನು ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ. ಗ್ರಂಥಾಲಯದ ಅಂಗಳದಲ್ಲಿ, ಸ್ವಸಹಾಯ ಸಂಘದ ಸಭೆಯ ದಿನ, ಹತ್ತು ಮಂದಿ ಹಿರಿಯರನ್ನು ಸೇರಿಸಿ ಇದನ್ನು ನಡೆಸಲು ಯಾವ ಅನುದಾನವೂ ಬೇಡ.

ಊರುಗೋಲಿನ ವಿಷಯ ಚಿಕ್ಕದೆನಿಸಬಹುದು, ಆದರೆ ಹೆಚ್ಚಿನವರು ಅದನ್ನು ತಪ್ಪಾಗಿ ಹಿಡಿಯುತ್ತಾರೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಯವರೆಗೆ ಕೋಲಿನ ಹಿಡಿ ಬರಬೇಕು. ಬಲಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ತುದಿಗೆ ರಬ್ಬರು ಬುಷ್ ಇಲ್ಲದ ಬೆತ್ತ ಟೈಲ್ಸಿನ ಮೇಲೆ ಆಸರೆಯಲ್ಲ, ಅಪಾಯ. ಬುಷ್ ಸವೆದರೆ ಬದಲಿಸಬೇಕು, ಸವೆದ ಹಾವಾಯಿ ಚಪ್ಪಲಿಯನ್ನು ಬದಲಿಸಬೇಕಾದಂತೆಯೇ. ಗಂಡಸರು ಕೋಲು ಹಿಡಿಯಲು ನಾಚುತ್ತಾರೆ. ಅವರಿಗೆ ಕೊಡೆ ಹಿಡಿದು ಹೋಗಿ ಎಂದರೆ ಒಪ್ಪುತ್ತಾರೆ, ಆದರೆ ಮಡಚುವ ಕೊಡೆ ಭಾರ ತಡೆಯದು.

ಈಗ ಯಾರಿಂದ ಆರಂಭಿಸಬೇಕೆಂಬ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಇಡೀ ಉಪನ್ಯಾಸದಲ್ಲಿ ತಾವು ನೆನಪಿಡಬೇಕಾದದ್ದು ಇದೇ. ಮನೆಯೊಳಗಿನ ಅಪಾಯಗಳನ್ನು ಸರಿಪಡಿಸುವುದರ ಬಗ್ಗೆ 2023ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆ ಒಂದು ಉಪಯುಕ್ತ ಸಂಗತಿಯನ್ನು ತೋರಿಸಿತು. ಈಗಾಗಲೇ ಬಿದ್ದಿರುವ, ಅಥವಾ ದಿನನಿತ್ಯದ ಕೆಲಸಕ್ಕೆ ನೆರವು ಬೇಕಾಗಿರುವ ವೃದ್ಧರ ಮನೆಗಳಲ್ಲಿ ಹೀಗೆ ಸರಿಪಡಿಸಿದರೆ ಬೀಳುವಿಕೆ ಶೇ. 38ರಷ್ಟು ಕಡಿಮೆಯಾಯಿತು. ಗಟ್ಟಿಮುಟ್ಟಾಗಿ ಓಡಾಡುವವರ ಮನೆಗಳಲ್ಲಿ ಅದರಿಂದ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ಅಂದರೆ 570 ಮನೆಗಳಿಗೂ ಒಂದೊಂದು ಪೈಪು ಹಂಚಿ ಫೋಟೊ ತೆಗೆಸಿಕೊಳ್ಳುವ ಯೋಜನೆ ಬೇಡ. ಮೊದಲು ಬಿದ್ದವರನ್ನು ಹುಡುಕಿ.

ಹುಡುಕುವುದು ಸುಲಭವಲ್ಲ, ಏಕೆಂದರೆ ಬಿದ್ದವರು ಹೇಳುವುದಿಲ್ಲ. ಮಗನಿಗೆ ತಿಳಿದರೆ ಬೆಂಗಳೂರಿಗೆ ಕರೆದೊಯ್ದು ಫ್ಲಾಟಿನಲ್ಲಿ ಕೂರಿಸುತ್ತಾನೆಂಬ ಭಯ, ಸೊಸೆ ಬೈಯುತ್ತಾಳೆಂಬ ಅಳುಕು, ತೋಟಕ್ಕೆ ಹೋಗಲು ಬಿಡುವುದಿಲ್ಲವೆಂಬ ಆತಂಕ. ‘ಏನಿಲ್ಲ ಮಾರಾಯ, ಸ್ವಲ್ಪ ಕಾಲು ಜಾರಿತು’ ಎಂದು ಮೊಣಕೈ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಮೂರು ಪ್ರಶ್ನೆ ಕೇಳಲಿ, ಸಾಧ್ಯವಾದರೆ ಮನೆಯವರು ಪಕ್ಕದಲ್ಲಿಲ್ಲದಾಗ. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಿಲ್ಲುವಾಗ, ನಡೆಯುವಾಗ ತೂರಾಡಿದಂತೆ ಆಗುತ್ತದೆಯೇ? ಬೀಳುವ ಹೆದರಿಕೆ ಇದೆಯೇ? ಮೂರರಲ್ಲಿ ಒಂದಕ್ಕೆ ಹೌದೆಂದರೂ ಆ ಹೆಸರು ವಾರ್ಡಿನ ಪಟ್ಟಿಗೆ ಬರಲಿ. ಆ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳಬೇಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಬಳಿ ಇರಲಿ. ಎರಡು ಬಾರಿ ಬಿದ್ದವರು, ಒಂಟಿಯಾಗಿರುವವರು ಪಟ್ಟಿಯ ಮೇಲ್ಭಾಗದಲ್ಲಿರಲಿ.

ಹಣ ಮತ್ತು ಜನ ಎಲ್ಲಿಂದ ಎಂದು ಕೇಳುವಿರಿ. ತಮ್ಮ ಪಂಚಾಯತಿಯಲ್ಲಿ ವಿಕಲಚೇತನರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಹಿಡಿಕೆ, ಊರುಗೋಲು, ವಾಕರ್ ಯಾರಿಗೆ ಯಾವುದು ಹೊಂದುತ್ತದೆಂಬುದನ್ನು ಅವರು ಬಲ್ಲರು. ಪಿಂಚಣಿ ಅರ್ಜಿ ಬರೆಸಲಷ್ಟೇ ಅವರನ್ನು ಬಳಸುವುದು ಸರಿಯಲ್ಲ. ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ಹಣದಿಂದ, ಅಂಗವೈಕಲ್ಯದ ಗುರುತಿನ ಚೀಟಿ ಹೊಂದಿರುವ ಹಿರಿಯರ ಮನೆಗಳ ಕೆಲಸವನ್ನು ನಿಯಮಾನುಸಾರ ಕೈಗೊಳ್ಳುವ ಸಾಧ್ಯತೆಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರೊಂದಿಗೆ ಚರ್ಚಿಸಬಹುದು. ಬಡತನ ರೇಖೆಗಿಂತ ಕೆಳಗಿರುವ, 60 ದಾಟಿದವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಕನ್ನಡಕ ಮುಂತಾದವನ್ನು ಉಚಿತವಾಗಿ ನೀಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಇದರ ತಪಾಸಣಾ ಶಿಬಿರ ತಾಲ್ಲೂಕಿಗೆ ಬಂದಾಗ ನಮ್ಮ ದೂರದ ಹಳ್ಳಿಗಳ ನಿಜವಾದ ಅರ್ಹರು ಬಸ್ಸು ಹತ್ತಲಾಗದೆ ಮನೆಯಲ್ಲಿ ಉಳಿಯುತ್ತಾರೆ. ಅವರನ್ನು ಕರೆತರಲು ಒಂದು ವಾಹನ ಗೊತ್ತುಮಾಡುವುದೇ ದೊಡ್ಡ ಸಹಾಯ.

ಎಷ್ಟು ತಡೆದರೂ ಕೆಲವರು ಬೀಳುತ್ತಾರೆ. ಬಿದ್ದಾಗ ಮಾಡುವ ಮೊದಲ ತಪ್ಪು, ಕಂಕುಳಿಗೆ ಕೈಹಾಕಿ ತಟ್ಟನೆ ಎತ್ತಿ ನಿಲ್ಲಿಸುವುದು. ಮೊದಲು ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿದೆಯೆಂದೇ ತಿಳಿಯಬೇಕು. ಎರಡೂ ಕಾಲಿನ ನಡುವೆ ದಿಂಬಿಟ್ಟು, ಪಂಚೆಯಿಂದ ಒಟ್ಟಿಗೆ ಕಟ್ಟಿ, ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಎಣ್ಣೆ ತಿಕ್ಕುವುದು, ಎಳೆದು ಕಟ್ಟು ಹಾಕಿಸುವುದು ಬೇಡ. ಕೈ ಮುರಿದರೆ ಕಟ್ಟಿನಲ್ಲಿ ಕೂಡಿಕೊಂಡ ಉದಾಹರಣೆಗಳನ್ನು ತಾವು ಹೇಳುವಿರಿ. ತೊಡೆಯ ಮೇಲ್ತುದಿಯ ಕಥೆ ಬೇರೆ, ಅಲ್ಲಿ ಕಳೆಯುವ ಒಂದೊಂದು ದಿನವೂ ಆಯುಷ್ಯದಿಂದಲೇ ಕಳೆಯುತ್ತದೆ. ಇನ್ನು ಕೆಲವರು ಬಿದ್ದ ಮೇಲೂ ಕುಂಟುತ್ತ ನಡೆಯುತ್ತಾರೆ. ತೊಡೆಸಂದಿನ ನೋವು ನಾಲ್ಕು ದಿನವಾದರೂ ಇಳಿಯದಿದ್ದರೆ ಎಕ್ಸ್‌ರೇ ಆಗಲೇಬೇಕು. ತಲೆಗೆ ಪೆಟ್ಟು ಬಿದ್ದವರು, ವಿಶೇಷವಾಗಿ ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಅಂದು ಚೆನ್ನಾಗಿದ್ದು ಎರಡು ಮೂರು ವಾರದ ಮೇಲೆ ಮಂಕಾಗಬಹುದು. ಅದನ್ನು ಮರೆವಿನ ಕಾಯಿಲೆ ಎಂದು ಬಿಡಬೇಡಿ, ಮಿದುಳಿನ ಸುತ್ತ ರಕ್ತ ನಿಂತಿರಬಹುದು.

ಒಂಟಿಯಾಗಿರುವವರ ಬಗ್ಗೆ ಹೇಳಿ ಮುಗಿಸುತ್ತೇನೆ. ಮಕ್ಕಳೆಲ್ಲ ಊರು ಬಿಟ್ಟು, ಎಂಟು ಅಂಕಣದ ಮನೆಯಲ್ಲಿ ಇಬ್ಬರೇ, ಕೆಲವೊಮ್ಮೆ ಒಬ್ಬರೇ ಉಳಿದಿರುವುದು ಈಗ ಪ್ರತಿ ಹಳ್ಳಿಯಲ್ಲೂ ಇದೆ. ಪಕ್ಕದ ಮನೆ ಅರ್ಧ ಮೈಲಿ ದೂರ, ಮೊಬೈಲಿಗೆ ಸಿಗ್ನಲ್ಲು ಗುಡ್ಡ ಹತ್ತಿದರೆ ಮಾತ್ರ. ಬಿದ್ದ ಪೆಟ್ಟಿಗಿಂತ, ಏಳಲಾಗದೆ ತಣ್ಣನೆಯ ನೆಲದ ಮೇಲೆ ಹತ್ತು ಹನ್ನೆರಡು ಗಂಟೆ ಬಿದ್ದಿರುವುದೇ ಇಂಥವರಿಗೆ ಮಾರಕ. ಮಾಂಸಖಂಡ ನಜ್ಜಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಹಾಲಿನ ಡೇರಿಗೆ ದಿನವೂ ಬರುವವರ ಸಾಲಿನಲ್ಲಿ ಒಬ್ಬರು ಬಾರದಿದ್ದರೆ ಡೇರಿಯವರಿಗೆ ತಿಳಿಯುತ್ತದೆ. ಹಾಲು ಹಾಕದ ಒಂಟಿ ಮನೆಗಳಿಗೆ, ಬೆಳಗ್ಗೆ ಏಳರೊಳಗೆ ಬಾಗಿಲು ತೆರೆದಿದೆಯೇ ಎಂದು ನೋಡಿ ಹೋಗುವ ಒಬ್ಬರನ್ನು ವಾರ್ಡಿನಲ್ಲಿ ಗೊತ್ತುಮಾಡಿ. ಕತ್ತಿಗೆ ದಾರ ಕಟ್ಟಿದ ಒಂದು ಸೀಟಿಯೂ ಉಪಯೋಗಕ್ಕೆ ಬರುತ್ತದೆ. ಕೂಗುವ ಶಕ್ತಿ ಉಡುಗಿದಾಗಲೂ ಊದಬಹುದು. ಕೂಡಲೇ ಆರೈಕೆ ಮಾಡುವವರಿಲ್ಲದ, ಅಥವಾ ಮನೆಯವರೇ ಕೈಬಿಟ್ಟ ಹಿರಿಯರ ಬಗ್ಗೆ 14567 ಹಿರಿಯರ ಸಹಾಯವಾಣಿಗೆ ತಿಳಿಸಬಹುದು. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿಯ ಗೋಡೆಯ ಮೇಲೆ, ನ್ಯಾಯಬೆಲೆ ಅಂಗಡಿಯ ಮುಂದೆ ಬರೆಸಿ.

ಸಭಾಂಗಣದ ಹಿಂಭಾಗದ ಮೇಜಿನ ಮೇಲೆ ಎರಡು ಬಗೆಯ ಹಿಡಿಕೆ, ಒಂದು ಕಮೋಡ್ ಕುರ್ಚಿ, ರಬ್ಬರು ಬುಷ್ ಹಾಕಿದ ಊರುಗೋಲುಗಳನ್ನು ಪುನರ್ವಸತಿ ಕಾರ್ಯಕರ್ತರು ತಂದಿರಿಸಿದ್ದಾರೆ. ಚಹಾ ವಿರಾಮದಲ್ಲಿ ಕೈಯಲ್ಲಿ ಹಿಡಿದು, ಭಾರ ಹಾಕಿ ನೋಡಿ. ಮನೆಯಲ್ಲಿ ಹಿರಿಯರಿದ್ದವರು ಅವರ ಮಣಿಕಟ್ಟಿನ ಎತ್ತರವನ್ನು ಇಂದು ಸಂಜೆ ಅಳೆದು ತಂದರೆ, ನಾಳಿನ ಅಧಿವೇಶನದಲ್ಲಿ ಯಾರಿಗೆ ಎಷ್ಟು ಉದ್ದದ ಕೋಲು ಬೇಕೆಂದು ಹೇಳಿಕೊಡುತ್ತಾರೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.